ಕಾಲುವೆಯುದ್ದಕ್ಕೂ ಮಾಜಿಗಳು

2025ರ ಮೇ 31. ಗುಬ್ಬಿ ತಾಲ್ಲೂಕಿನ ಹೇಮಾವತಿ ನಾಲೆಯ ಸುತ್ತಮುತ್ತ ನಿಷೇಧಾಜ್ಞೆ ಇತ್ತು, ಪೊಲೀಸರ ಪಹರೆ ಇತ್ತು. ಆದರೂ ಜನ ಬಂದರು. ರೈತರು ಬಂದರು, ಕಾವಿ ತೊಟ್ಟ ಸ್ವಾಮಿಗಳು ಬಂದರು, ಹಾಲಿ ಶಾಸಕರು ಬಂದರು. ಜಗಳ ನೀರಿನದು. ಗುಬ್ಬಿ ತಾಲ್ಲೂಕಿನಲ್ಲಿ ನಾಲೆಯಿಂದ ಕವಲೊಡೆದು ಸುಮಾರು 35 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ನೇರವಾಗಿ ಕುಣಿಗಲ್ ಕಡೆಗೆ ನೀರು ಒಯ್ಯುವ 'ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್' ಯೋಜನೆ, ಹೆಚ್ಚೂಕಡಿಮೆ ಸಾವಿರ ಕೋಟಿ ರೂಪಾಯಿಯದು. 'ನಮ್ಮ ತೂಬು ಒಣಗಿಸಿ ಅವರ ಕೆರೆ ತುಂಬಿಸುತ್ತಾರೆ' ಎಂಬುದು ಗುಬ್ಬಿ ಮತ್ತು ತುಮಕೂರಿನ ಕಡೆಯವರ ಸಿಟ್ಟು. 'ನಾಲೆಯ ತುದಿಯಲ್ಲಿದ್ದೇವೆ, ನಮ್ಮ ಪಾಲಿನ ನೀರು ನಮಗೆ ಬಂದು ಮುಟ್ಟಿದ್ದು ಯಾವಾಗ?' ಎಂಬುದು ಕುಣಿಗಲ್‌ನವರ ಪ್ರಶ್ನೆ.

ಈ ಜಗಳದಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಎರಡೂ ಕಡೆಯವರು ಮಾತು ಶುರು ಮಾಡುವುದು ಒಬ್ಬ ಮಾಜಿ ಶಾಸಕರ ಹೆಸರಿನಿಂದ. ಕುಣಿಗಲ್‌ನಲ್ಲಿ ಹೇಮಾವತಿಯ ಪ್ರಸ್ತಾಪ ಬಂದರೆ ವೈ.ಕೆ. ರಾಮಯ್ಯನವರ ಹೆಸರು ಬಾರದೆ ಇರದು. ತುಮಕೂರಿನ ಕಡೆ, ಯೋಜನೆಯ ವಿರುದ್ಧದ ಹೋರಾಟದ ಮುಂಚೂಣಿಯಲ್ಲಿ ಕಾಣಿಸಿಕೊಂಡವರು ಮಾಜಿ ಸಚಿವ ಸೊಗಡು ಶಿವಣ್ಣ. ಒಬ್ಬರದು ನೆನಪು, ಇನ್ನೊಬ್ಬರದು ಹಾಜರಿ. ಕೈಯಲ್ಲಿ ಅಧಿಕಾರವಿಲ್ಲದ ಮೇಲೂ ಊರಿನ ಮಾತುಕತೆಯಿಂದ ಹೊರಬೀಳದ ಈ 'ಮಾಜಿ' ಎಂಬ ಜೀವಿಯ ಬದುಕು ಎಂಥದು?

ನಿವೃತ್ತ ತಹಶೀಲ್ದಾರರನ್ನು ಊರು ಎರಡು ವರ್ಷದಲ್ಲಿ ಮರೆಯುತ್ತದೆ. ಮಾಜಿ ಎಮ್ಮೆಲ್ಲೆಯನ್ನು ಮರೆಯುವುದಿಲ್ಲ. 'ಮಾಜಿ' ಎಂಬುದು ಮನೆತನದ ಹೆಸರಿನ ಹಾಗೆ ಅಂಟಿಕೊಳ್ಳುತ್ತದೆ. ಆಟೊದವರಿಗೆ 'ಮಾಜಿ ಎಮ್ಮೆಲ್ಲೆ ಮನೆ' ಎಂದರೆ ಸಾಕು, ವಿಳಾಸ ಬೇಡ. ಮದುವೆ, ಗೃಹಪ್ರವೇಶ, ಹನ್ನೊಂದನೇ ದಿನದ ತಿಥಿ ಎಲ್ಲಕ್ಕೂ ಕರೆ ಬರುತ್ತದೆ, ಹೋಗದಿದ್ದರೆ ಮಾತೂ ಬರುತ್ತದೆ. ಬೆಳಿಗ್ಗೆ ಜಗುಲಿಯ ಮೇಲೆ ಅರ್ಜಿ ಹಿಡಿದು ಕೂರುವವರ ಸಂಖ್ಯೆ ಕಡಿಮೆಯಾಗಬಹುದು, ಪೂರ್ತಿ ನಿಲ್ಲುವುದಿಲ್ಲ. ಹಾಲಿಯ ಮನೆಯಲ್ಲಿ ಕೆಲಸವಾಗದವರು ಮಾಜಿಯ ಮನೆಗೆ ಬರುತ್ತಾರೆ. ಬಗರ್‌ ಹುಕುಂ ಸಮಿತಿಯ ಅಧ್ಯಕ್ಷಗಿರಿ, ಕೆಡಿಪಿ ಸಭೆಯ ಕುರ್ಚಿ, ವರ್ಷಕ್ಕೆ ಎರಡು ಕೋಟಿ ರೂಪಾಯಿಯ ಶಾಸಕರ ನಿಧಿ ಎಲ್ಲ ಹೋಗಿರುತ್ತವೆ. ಉಳಿಯುವುದು ಹಳೆಯ ಲೆಟರ್‌ಹೆಡ್ಡು, ಅಧಿಕಾರಿಗಳ ಪರಿಚಯ, ಮತ್ತು ಪಿಂಚಣಿ. 2025ರ ಮಾರ್ಚ್‌ನಲ್ಲಿ ವಿಧಾನಮಂಡಲ ಒಪ್ಪಿದ ತಿದ್ದುಪಡಿಯ ಪ್ರಕಾರ ಆ ಪಿಂಚಣಿ ತಿಂಗಳಿಗೆ 50,000 ರೂಪಾಯಿಯಿಂದ 75,000ಕ್ಕೆ ಏರಿತು. ಗದ್ದಲದಲ್ಲಿ ಸದನ ಮುಳುಗಿದ್ದ ದಿನವೇ, ಚರ್ಚೆಯಿಲ್ಲದೆ ಪಾಸಾದ ಮಸೂದೆ ಅದು. ಆಳುವವರಿಗೂ ವಿರೋಧಿಗಳಿಗೂ ಜಗಳವಿಲ್ಲದ ಅಪರೂಪದ ವಿಷಯಗಳಲ್ಲಿ ಇದೂ ಒಂದು ಎಂದು ಜನ ನಕ್ಕರೆ ತಪ್ಪಿಲ್ಲ.

ಊರಿನಿಂದ ಒಬ್ಬರನ್ನು ಆರಿಸಿ ರಾಜಧಾನಿಗೆ ಕಳಿಸುವ ಪದ್ಧತಿ ಈ ಸೀಮೆಗೆ 1952ರಲ್ಲಿ ಬಂದದ್ದಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಆ ವರ್ಷದ ಅಕ್ಟೋಬರ್ 7ರಂದು, ದಸರೆಯ ಬೆನ್ನಿಗೆ, 144 ಮಂದಿ ಮೈಸೂರಿನಲ್ಲಿ ಸೇರಿದ್ದರು. ತಾಲ್ಲೂಕಿಗೆ ಇಬ್ಬರಂತೆ ಜಮೀನುದಾರರು, ಜೊತೆಗೆ ಒಂದಷ್ಟು ವರ್ತಕರು. ತುಮಕೂರಿಗೆ ರೈಲು ಬರುವ ಮೊದಲಿನ ಕಾಲ. ದಸರೆಯನ್ನೂ ನೋಡಿದ ಹಾಗಾಯಿತು, ದಿವಾನರ ಮುಂದೆ ಊರಿನ ಕೆರೆ, ಕಂದಾಯ, ರಸ್ತೆಯ ಅಹವಾಲನ್ನೂ ಇಟ್ಟ ಹಾಗಾಯಿತು. ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ, ಕೇಳುವುದಷ್ಟೇ, ಹೇಳುವುದಷ್ಟೇ. 1891ರಲ್ಲಿ ಚುನಾವಣೆ ಎಂಬುದು ಬಂತು, ಆದರೆ ಮತ ಹಾಕಲು ಆಸ್ತಿಯ ಅರ್ಹತೆ ಬೇಕಿತ್ತು. 1907ರಲ್ಲಿ ಇದರ ಜೊತೆಗೆ ನ್ಯಾಯವಿಧಾಯಕ ಸಭೆ ಹುಟ್ಟಿತು. 1949ರಲ್ಲಿ ಎರಡೂ ಮುಚ್ಚಿದವು.

ಆ ಸಭೆಯ ನಡವಳಿಯ ಪುಸ್ತಕಗಳನ್ನು ತೆರೆದರೆ ಒಂದು ವಿಷಯ ಹೊಳೆಯುತ್ತದೆ. ಪ್ರತಿನಿಧಿ ಎಂದರೆ ಕೆರೆಯ ಹೂಳಿನ ಮಾತು ಎತ್ತುವವನು. ಕುಣಿಗಲ್‌ನ ದೊಡ್ಡಕೆರೆ ಜನಪದ ಹಾಡಿನಲ್ಲಿ ಎಷ್ಟು ಚಂದವೋ ಬರದ ವರ್ಷದಲ್ಲಿ ಅಷ್ಟೇ ಸಂಕಟ. ಶಿಂಷಾ ನದಿ ದೇವರಾಯನದುರ್ಗದಲ್ಲಿ ಹುಟ್ಟುತ್ತದೆ ನಿಜ, ಆದರೆ ಮಳೆ ಕೈಕೊಟ್ಟರೆ ಅದು ಮರಳಿನ ದಾರಿ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ಆ ನದಿಯನ್ನು ಹಿಡಿದಿಡಲು ನಾಲ್ವಡಿಯವರ ಕಾಲದಲ್ಲಿ ಕಟ್ಟಿದ್ದು. ತೆಂಗು, ಅಡಿಕೆ, ರಾಗಿಯ ಈ ಸೀಮೆಯಲ್ಲಿ ಮತಕ್ಕೂ ನೀರಿಗೂ ಇರುವ ನಂಟು ಪಕ್ಷಗಳಿಗಿಂತ ಹಳೆಯದು.

1947ರ ಅಕ್ಟೋಬರ್‌ನಲ್ಲಿ 'ಮೈಸೂರು ಚಲೋ' ಚಳವಳಿ ಗೆದ್ದು ಕೆ.ಸಿ. ರೆಡ್ಡಿಯವರ ಮೊದಲ ಜನತಾ ಸರ್ಕಾರ ಬಂದಾಗ ಅದರಲ್ಲಿ ತುಮಕೂರು ಜಿಲ್ಲೆಯ ಒಬ್ಬರಿದ್ದರು: ಆರ್. ಚೆನ್ನಿಗರಾಮಯ್ಯ. ಕೊರಟಗೆರೆ ಸೀಮೆಯವರು, ದಲಿತ ಸಮುದಾಯದವರು. ಊರಿನ ಬಾವಿಯಿಂದ ನೀರು ಸೇದಲು ಬಿಡದಿದ್ದ ಸಮುದಾಯದ ಒಬ್ಬರು ಸಂಸ್ಥಾನದ ಮಂತ್ರಿಯಾದದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಜಿಲ್ಲೆಯ ಹೊರಗೆ ಅವರ ಹೆಸರು ಬಲ್ಲವರು ಇವತ್ತು ಎಷ್ಟು ಮಂದಿ? ಜಿಲ್ಲೆಯ ಒಳಗಾದರೂ ಎಷ್ಟು ಮಂದಿ?

1952ರ ಮೊದಲ ಮಹಾಚುನಾವಣೆ ಬಂದಾಗ ಮೈಸೂರು ವಿಧಾನಸಭೆಗೆ 99 ಸ್ಥಾನ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಗುರುತು; ಓದು ಬಾರದ ಮತದಾರ ತನಗೆ ಬೇಕಾದ ಗುರುತಿನ ಪೆಟ್ಟಿಗೆಗೆ ಚೀಟಿ ಹಾಕಬೇಕು. ಕೆಲವು ಕ್ಷೇತ್ರಗಳಿಂದ ಇಬ್ಬರು ಶಾಸಕರು ಆರಿಸಿ ಬರುತ್ತಿದ್ದರು, ಒಂದು ಸ್ಥಾನ ಮೀಸಲು. ಆ ಪದ್ಧತಿ 1960ರ ದಶಕದ ಆರಂಭದಲ್ಲಿ ಹೋಯಿತು. ಆ ತಲೆಮಾರಿನ ಶಾಸಕರಲ್ಲಿ ಜೈಲು ಕಂಡವರು, ವಕೀಲರು, ತಾಲ್ಲೂಕು ಬೋರ್ಡಿನಲ್ಲಿ ಪಳಗಿದವರು ಹೆಚ್ಚು. ಆಮೇಲಿನವರಲ್ಲಿ ಸಹಕಾರ ಸಂಘ, ಪಿಎಲ್‌ಡಿ ಬ್ಯಾಂಕು, ಎಪಿಎಂಸಿಯ ದಾರಿ ಹಿಡಿದು ಬಂದವರು. ತೀರ ಈಚಿನವರಲ್ಲಿ ಕಂಟ್ರಾಕ್ಟು, ಶಿಕ್ಷಣ ಸಂಸ್ಥೆ, ರಿಯಲ್ ಎಸ್ಟೇಟು. ವಿಧಾನಸಭೆಯ ಪರಿಚಯ ಪುಸ್ತಕದಲ್ಲಿ ಮಾತ್ರ ಬಹುತೇಕ ಎಲ್ಲರ ವೃತ್ತಿಯೂ ಒಂದೇ: ಕೃಷಿ.

ಕುಣಿಗಲ್‌ನ ಕಥೆಯನ್ನು ಮೊದಲು ನೋಡೋಣ, ಅಲ್ಲಿನ ಮಾಜಿಗಳ ಸಾಲು ದೊಡ್ಡದು, ಬಣ್ಣವೂ ಹೆಚ್ಚು.

ಹಳೆಯ ತಲೆಗಳು ಅಂದಾನಯ್ಯನವರನ್ನು ನೆನೆಯುತ್ತಾರೆ, ಆಮೇಲೆ ವೈ.ಕೆ. ರಾಮಯ್ಯನವರನ್ನು. ರಾಮಯ್ಯನವರ ರಾಜಕಾರಣ ಅರ್ಥವಾಗಬೇಕಾದರೆ ಗೊರೂರಿನ ಅಣೆಕಟ್ಟೆಗೆ ಹೋಗಬೇಕು. ಹಾಸನ ಜಿಲ್ಲೆಯ ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು ಮುಗಿದದ್ದು 1979ರಲ್ಲಿ; 37 ಟಿಎಂಸಿ ಅಡಿಗೂ ಮಿಗಿಲಾದ ನೀರು ನಿಲ್ಲುವ ಜಲಾಶಯ. ಅದರಲ್ಲಿ ತುಮಕೂರು ಜಿಲ್ಲೆಯ ಪಾಲು ಸುಮಾರು 24 ಟಿಎಂಸಿ ಅಡಿ ಎಂದು ಲೆಕ್ಕ. ಲೆಕ್ಕ ಕಾಗದದ ಮೇಲಿನದು. ನೀರು ತುಮಕೂರು ಜಿಲ್ಲೆಗೆ ದಾಟಬೇಕಾದರೆ ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು–ನವಿಲೆ ಸುರಂಗದ ಮೂಲಕವೇ ಬರಬೇಕು. ಅಲ್ಲಿಂದ ತಿಪಟೂರು, ತುರುವೇಕೆರೆ, ಗುಬ್ಬಿಯ ಸೀಮೆಗಳನ್ನು ಹಾದು, ಕುಣಿಗಲ್ ಕೊನೆಯಲ್ಲಿ. ನಾಲೆಯ ಕೊನೆಯವನ ಪಾಡು ರೈತರಿಗೆ ಹೇಳಿಕೊಡಬೇಕಿಲ್ಲ. ದಾರಿಯಲ್ಲಿ ಎಷ್ಟು ಪಂಪ್‌ಸೆಟ್ಟು, ಎಷ್ಟು ಒಡಕು, ಎಷ್ಟು ಕೆರೆ! ಈ ಕೊನೆಯ ಊರಿಗೆ ನೀರು ಬೇಕು ಎಂದು ದಶಕಗಟ್ಟಲೆ ಕೂಗಿದವರಲ್ಲಿ ರಾಮಯ್ಯನವರು ಮುಖ್ಯರು. ಅದಕ್ಕೇ ಇವತ್ತಿನ ಲಿಂಕ್ ಕೆನಾಲಿನ ಪರವಾಗಿ ಮಾತಾಡುವವರು ಅವರ ಹೆಸರನ್ನು ಸಾಕ್ಷಿಯಾಗಿ ತರುತ್ತಾರೆ.

ಯೋಜನೆಯ ಜಾತಕವೂ ಸ್ವಾರಸ್ಯದ್ದು. ಕಾಂಗ್ರೆಸ್–ಜೆಡಿಎಸ್ ಮೈತ್ರಿ ಸರ್ಕಾರದ ಕಾಲದಲ್ಲಿ ಒಪ್ಪಿಗೆ ಪಡೆದಿದ್ದ ಇದನ್ನು ಬಿ.ಎಸ್. ಯಡಿಯೂರಪ್ಪನವರ ಸರ್ಕಾರ ಬಂದಾಗ ಕೈಬಿಡಲಾಯಿತು. 2023ರ ಬಳಿಕ ಮತ್ತೆ ಜೀವ ಬಂತು. ಯಡಿಯೂರಪ್ಪನವರಿಗೆ ಆ ಹೆಸರು ಬಂದದ್ದು ಎಲ್ಲಿಂದ? ಕುಣಿಗಲ್ ತಾಲ್ಲೂಕಿನ ಎಡೆಯೂರು ಸಿದ್ಧಲಿಂಗೇಶ್ವರನಿಂದ. ದೇವರು ಕುಣಿಗಲ್‌ನವನಾದರೂ ನೀರಿನ ವಿಷಯದಲ್ಲಿ ಮಧ್ಯಸ್ಥಿಕೆ ವಹಿಸಲಿಲ್ಲ.

ಕುಣಿಗಲ್‌ನ ಇನ್ನೊಬ್ಬ ಮಾಜಿ ಎಸ್.ಪಿ. ಮುದ್ದಹನುಮೇಗೌಡರ ಬದುಕು ಕಾದಂಬರಿಯಂತಿದೆ. ನ್ಯಾಯಾಧೀಶರ ಕೆಲಸ ಬಿಟ್ಟು ರಾಜಕೀಯಕ್ಕೆ ಬಂದವರು. 1990ರ ದಶಕದಲ್ಲಿ ಕಾಂಗ್ರೆಸ್ಸಿನಿಂದ ಕುಣಿಗಲ್ ಶಾಸಕರಾಗಿದ್ದರು. 2014ರಲ್ಲಿ, ದೇಶವೆಲ್ಲ ಮೋದಿ ಅಲೆಯಲ್ಲಿದ್ದಾಗ, ತುಮಕೂರು ಲೋಕಸಭೆಯನ್ನು ಕಾಂಗ್ರೆಸ್ಸಿಗೆ ಗೆದ್ದುಕೊಟ್ಟರು. ಐದು ವರ್ಷ ಕಳೆಯುವಷ್ಟರಲ್ಲಿ ಮೈತ್ರಿಯ ಲೆಕ್ಕಾಚಾರದಲ್ಲಿ ಸೀಟು ಜೆಡಿಎಸ್ ಪಾಲಾಯಿತು, ಹಾಲಿ ಸಂಸದರಿಗೇ ಟಿಕೆಟ್ ಇಲ್ಲ. ಬಂಡಾಯವಾಗಿ ನಾಮಪತ್ರ ಹಾಕಿದರು, ವಾಪಸ್ ತೆಗೆದರು. 2022ರಲ್ಲಿ ಬಿಜೆಪಿ ಸೇರಿದರು, 2024ರಲ್ಲಿ ಕಾಂಗ್ರೆಸ್ಸಿಗೆ ಮರಳಿ ಲೋಕಸಭೆಗೆ ನಿಂತು ವಿ. ಸೋಮಣ್ಣನವರ ಎದುರು ಸೋತರು. ತೀರ್ಪು ಬರೆಯುವ ಕುರ್ಚಿಯಿಂದ ಎದ್ದು ಬಂದವರು ಜೀವನವಿಡೀ ಇನ್ನೊಬ್ಬರ ತೀರ್ಪಿಗೆ ಕಾಯಬೇಕಾಯಿತು. ಅದು ರಾಜಕಾರಣದ ಕರಾರು.

ಅದೇ ಲೋಕಸಭಾ ಕ್ಷೇತ್ರವನ್ನು ಅವರಿಗಿಂತ ಮೊದಲು ಬಹುಕಾಲ ಆಳಿದವರು ಕೆ. ಲಕ್ಕಪ್ಪ. 1967ರಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದಿಂದ ಗೆದ್ದವರು, 1971, 1977 ಮತ್ತು 1980ರಲ್ಲಿ ಕಾಂಗ್ರೆಸ್ಸಿನಿಂದ. ನಾಲ್ಕು ಸಲ ಸಾಲಾಗಿ. ಇಂದಿರಾ ಗಾಂಧಿಯವರು ಉತ್ತರದಲ್ಲಿ ನೆಲಕಚ್ಚಿದ 1977ರಲ್ಲಿ ಕರ್ನಾಟಕ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೆ ಕೊಟ್ಟಿತು, ತುಮಕೂರು ಆ 26ರಲ್ಲಿ ಒಂದು.

ಕುಣಿಗಲ್ ಸೀಮೆಯಲ್ಲಿ ಒಂದು ಇಡೀ ಕ್ಷೇತ್ರವೇ ಮಾಜಿಯಾಗಿದೆ. 2008ರ ಪುನರ್ವಿಂಗಡಣೆಗೆ ಮೊದಲು ಹುಲಿಯೂರುದುರ್ಗ ಪ್ರತ್ಯೇಕ ವಿಧಾನಸಭಾ ಕ್ಷೇತ್ರವಾಗಿತ್ತು. ಬೆಳ್ಳಾವಿ, ಕಳ್ಳಂಬೆಳ್ಳ, ಹುಲಿಯೂರುದುರ್ಗ ಮೂರೂ ಹೋದವು, ತುಮಕೂರು ಗ್ರಾಮಾಂತರ ಹೊಸದಾಗಿ ಬಂತು, ಜಿಲ್ಲೆಯ ಶಾಸಕರ ಸಂಖ್ಯೆ 13ರಿಂದ 11ಕ್ಕೆ ಇಳಿಯಿತು. ಹುಲಿಯೂರುದುರ್ಗವನ್ನು ನಂಬಿ ರಾಜಕೀಯ ಕಟ್ಟಿಕೊಂಡಿದ್ದವರೆಲ್ಲ ಕುಣಿಗಲ್ ಕಣಕ್ಕೆ ಇಳಿಯಬೇಕಾಯಿತು. ಸಾಲದ್ದಕ್ಕೆ ಕುಣಿಗಲ್ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರಕ್ಕೆ ಸೇರಿತು. ಹೀಗಾಗಿ ಕುಣಿಗಲ್‌ನವರಿಗೆ ಜಿಲ್ಲಾಧಿಕಾರಿ ತುಮಕೂರಿನಲ್ಲಿ, ಲೋಕಸಭೆಯ ರಾಜಕೀಯ ಕನಕಪುರದ ಕಡೆ. ಆಮೇಲಿನ ಚುನಾವಣೆಗಳಲ್ಲಿ 2008ರಲ್ಲಿ ಕಾಂಗ್ರೆಸ್ಸಿನ ಬಿ.ಬಿ. ರಾಮಸ್ವಾಮಿಗೌಡ, 2013ರಲ್ಲಿ ಜೆಡಿಎಸ್‌ನ ಡಿ. ನಾಗರಾಜಯ್ಯ ಗೆದ್ದರು. 2018 ಮತ್ತು 2023ರಲ್ಲಿ ಗೆದ್ದ ಡಾ. ಎಚ್.ಡಿ. ರಂಗನಾಥ್ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರ ಸಂಬಂಧಿ. ಲಿಂಕ್ ಕೆನಾಲಿನ ಜಗಳದಲ್ಲಿ ಗುಬ್ಬಿಯವರು ಈ ನಂಟನ್ನು ಎತ್ತಿ ಆಡುವುದು ಇದಕ್ಕೇ.

ಗುಬ್ಬಿಗೆ ಬಂದರೆ ಚಿತ್ರವೇ ಬೇರೆ.

'ಗುಬ್ಬಿ' ಎಂದೊಡನೆ ಕನ್ನಡಿಗರಿಗೆ ನೆನಪಾಗುವ ಹೆಸರು ಶಾಸಕರದಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ, ಅದನ್ನು ನಾಡಿನುದ್ದಕ್ಕೂ ಮೆರೆಸಿದ ಗುಬ್ಬಿ ವೀರಣ್ಣ. ಬೆಂಗಳೂರಿನ ರೈಲು ನಿಲ್ದಾಣದ ಬಳಿ ಛತ್ರ ಕಟ್ಟಿಸಿದ ಗುಬ್ಬಿ ತೋಟದಪ್ಪ. ತುಮಕೂರು ನಗರದ ಕಲಾಕ್ಷೇತ್ರಕ್ಕೂ ವೀರಣ್ಣನವರ ಹೆಸರೇ. ಗಟ್ಟಿ ಚಂದ್ರಶೇಖರ್, ಜಿ.ಎಸ್. ಶಿವನಂಜಪ್ಪ, ಎನ್. ವೀರಣ್ಣಗೌಡ ಮೊದಲಾದ ಮಾಜಿ ಶಾಸಕರ ಹೆಸರು ತಾಲ್ಲೂಕಿನ ಗಡಿ ದಾಟಿದರೆ ಪರಿಚಯ ಹೇಳಬೇಕಾಗುತ್ತದೆ. ಮತ ಹಾಕಿದವರು ಮರೆಯಬಹುದು, ಟಿಕೆಟ್ ಕೊಂಡು ನಾಟಕ ನೋಡಿದವರು ಮರೆಯಲಿಲ್ಲ. ಇದನ್ನು ಶಾಸಕರ ಮೇಲಿನ ದೂರೆಂದು ತಿಳಿಯಬೇಕಿಲ್ಲ. ಶಾಸಕ ಮಾಡುವ ಕೆಲಸದ ಸ್ವರೂಪವೇ ಹಾಗೆ: ರಸ್ತೆಗೆ ಡಾಂಬರು ಬಿದ್ದ ಮೂರು ವರ್ಷಕ್ಕೆ ಗುಂಡಿ, ಅಡಿಗಲ್ಲಿನ ಮೇಲಿನ ಹೆಸರಿಗೆ ಐದು ವರ್ಷಕ್ಕೆ ಸುಣ್ಣ.

ಗುಬ್ಬಿಯ ಇನ್ನೊಂದು ವಿಶೇಷ, ಅಲ್ಲಿ 2004ರಿಂದ ಹೊಸ ಮಾಜಿಯೇ ಹುಟ್ಟಿಲ್ಲ. ಆ ವರ್ಷ ಪಕ್ಷೇತರರಾಗಿ ಗೆದ್ದ ಎಸ್.ಆರ್. ಶ್ರೀನಿವಾಸ್, ಊರವರ ಬಾಯಲ್ಲಿ 'ವಾಸು', ಇಂದಿಗೂ ಸೋತಿಲ್ಲ. 2008, 2013, 2018ರಲ್ಲಿ ಜೆಡಿಎಸ್‌ನಿಂದ ಗೆದ್ದರು, ಎಚ್.ಡಿ. ಕುಮಾರಸ್ವಾಮಿಯವರ ಸಂಪುಟದಲ್ಲಿ ಸಣ್ಣ ಕೈಗಾರಿಕೆ ಸಚಿವರಾದರು. 2022ರ ರಾಜ್ಯಸಭಾ ಚುನಾವಣೆಯ ವೇಳೆಗೆ ಪಕ್ಷದೊಂದಿಗೆ ಹಳಸಿತು. 2023ರಲ್ಲಿ ಕಾಂಗ್ರೆಸ್ಸಿನಿಂದ ಐದನೇ ಸಲ ಗೆದ್ದು, ಮರುವರ್ಷ ಕೆಎಸ್‌ಆರ್‌ಟಿಸಿ ಅಧ್ಯಕ್ಷರಾದರು. ಒಂದೇ ಊರು, ಒಬ್ಬನೇ ಶಾಸಕ, ಮೂರು ಬಗೆಯ ಗುರುತು. ಗುಬ್ಬಿಯ ಮತದಾರ ಪಕ್ಷ ನೋಡುವುದಿಲ್ಲ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ 2016ರಲ್ಲಿ ಪ್ರಧಾನಿ ಅಡಿಗಲ್ಲಿಟ್ಟಾಗಲೂ, 2023ರ ಫೆಬ್ರುವರಿಯಲ್ಲಿ ಅದನ್ನು ಉದ್ಘಾಟಿಸಿದಾಗಲೂ ಕ್ಷೇತ್ರದ ಶಾಸಕರು ಅವರೇ. ಕಾರ್ಖಾನೆಗೆ ಏಳು ವರ್ಷ ಹಿಡಿಯಿತು, ಶಾಸಕರು ಬದಲಾಗಲಿಲ್ಲ.

ಎಲ್ಲರ ಅವಧಿಯೂ ಇಷ್ಟು ಉದ್ದವಿಲ್ಲ. ಗುಬ್ಬಿಗೂ ಕುಣಿಗಲ್‌ಗೂ ನೆರೆಯ ತುರುವೇಕೆರೆಯಲ್ಲಿ 2008ರ ಮೇನಲ್ಲಿ ಕಾಂಗ್ರೆಸ್ಸಿನಿಂದ ಗೆದ್ದ ನಟ ಜಗ್ಗೇಶ್ ಕೆಲವೇ ವಾರಗಳಲ್ಲಿ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು. 'ಆಪರೇಷನ್ ಕಮಲ' ಎಂಬ ಪದ ರಾಜ್ಯಕ್ಕೆ ಪರಿಚಯವಾದದ್ದು ಆ ಬೇಸಿಗೆಯ ನಂತರ. ಅದೇ ಸುತ್ತಿನಲ್ಲಿ ಮಧುಗಿರಿಯೂ ಖಾಲಿಯಾಗಿ, ಡಿಸೆಂಬರ್‌ನ ಉಪಚುನಾವಣೆಯಲ್ಲಿ ಅನಿತಾ ಕುಮಾರಸ್ವಾಮಿ ಗೆದ್ದರು.

ಅನಿತಾ ಅವರ ಹೆಸರು ಬಂದದ್ದಕ್ಕೆ ಒಂದು ಮಾತು. 1989ರಿಂದ ಈಚೆಗಿನ ಪಟ್ಟಿ ತೆಗೆದು ನೋಡಿದರೆ ತುಮಕೂರು ನಗರ, ಗುಬ್ಬಿ, ಕುಣಿಗಲ್ ಮೂರರಿಂದಲೂ ಒಬ್ಬ ಹೆಣ್ಣುಮಗಳೂ ವಿಧಾನಸಭೆಗೆ ಹೋಗಿಲ್ಲ. ಆದರೆ ಶಾಸಕರ ಮನೆ ನಡೆಸಿದವರು ಯಾರು? ಬೆಳಗಿನ ಜಾವದಿಂದ ಬರುವ ಅರ್ಜಿದಾರರಿಗೆ ಕಾಫಿ, ಮಧ್ಯಾಹ್ನ ಉಳಿದವರಿಗೆ ಮುದ್ದೆ, ಚುನಾವಣೆಯ ತಿಂಗಳಲ್ಲಿ ನೂರಾರು ಜನಕ್ಕೆ ಊಟ, ಸೋತ ರಾತ್ರಿ ಮನೆಯ ಮೌನ, ಇವನ್ನೆಲ್ಲ ನಿಭಾಯಿಸಿದ ಹೆಂಗಸರ ಕಥೆ ಯಾವ ನಡವಳಿಯಲ್ಲೂ ಇಲ್ಲ. ಮಾಜಿ ಶಾಸಕರ ಚರಿತ್ರೆಯ ಅರ್ಧ ಭಾಗ ಅಡುಗೆಮನೆಯಲ್ಲಿದೆ. ಅದನ್ನು ಕೇಳಿ ಬರೆದುಕೊಳ್ಳುವವರು ಬೇಗ ಹೋಗಬೇಕು.

ತುಮಕೂರು ನಗರದ ಮಾಜಿಗಳಲ್ಲಿ ಎಲ್ಲರಿಗಿಂತ ಎದ್ದು ಕಾಣುವವರು ಸೊಗಡು ಶಿವಣ್ಣ. 1994ರಲ್ಲಿ, ರಾಜ್ಯದಲ್ಲಿ ಜನತಾ ದಳ ಅಧಿಕಾರಕ್ಕೆ ಬಂದ ಚುನಾವಣೆಯಲ್ಲಿ, ಅವರು ಬಿಜೆಪಿಯಿಂದ ಗೆದ್ದರು. ಆಮೇಲೆ 1999, 2004, 2008. ಸುಮಾರು 18 ವರ್ಷ ನಗರದ ಶಾಸಕರಾಗಿ, ನಡುವೆ ಸಚಿವರೂ ಆದರು. ಅವರಿಗಿಂತ ಮೊದಲು ಕಾಂಗ್ರೆಸ್ಸಿನ ಎಸ್. ಷಫಿ ಅಹಮದ್ ಇದ್ದರು. ಬಿಜೆಪಿ ಒಡೆದು ಕೆಜೆಪಿ ಹುಟ್ಟಿದ್ದ 2013ರಲ್ಲಿ ಕಾಂಗ್ರೆಸ್ಸಿನ ರಫೀಕ್ ಅಹಮದ್ ಗೆದ್ದರು. 2018ರಲ್ಲಿ ಬಿಜೆಪಿ ಟಿಕೆಟ್ ಹೋದದ್ದು ಜಿ.ಬಿ. ಜ್ಯೋತಿಗಣೇಶ್ ಅವರಿಗೆ, ಅವರೇ ಇಂದಿಗೂ ಶಾಸಕರು. ಪಕ್ಷ ಬೆಳೆಸಿದ ತಮ್ಮನ್ನು ಪಕ್ಷವೇ ಬದಿಗೆ ಸರಿಸಿತು ಎಂಬ ಶಿವಣ್ಣನವರ ಮುನಿಸು ಗುಟ್ಟಿನದಲ್ಲ. ಕುತೂಹಲದ ವಿಷಯವೆಂದರೆ ಹೇಮಾವತಿಯ ಹೋರಾಟದಲ್ಲಿ ಇಬ್ಬರೂ ಒಂದೇ ಕಡೆ. ಬುಗುಡನಹಳ್ಳಿ ಕೆರೆಗೆ ಹೇಮಾವತಿ ಬಾರದಿದ್ದರೆ ತುಮಕೂರು ನಗರದ ನಲ್ಲಿ ಒಣಗುತ್ತದೆ. ಟಿಕೆಟ್ಟಿನ ಮುನಿಸು ನೀರಿನ ಮುಂದೆ ನಿಲ್ಲಲಿಲ್ಲ.

ಜ್ಯೋತಿಗಣೇಶ್ ಅವರ ತಂದೆ ಜಿ.ಎಸ್. ಬಸವರಾಜು. ಅವರದೂ ಎಸ್. ಮಲ್ಲಿಕಾರ್ಜುನಯ್ಯನವರದೂ ಜೋಡಿ ತಕ್ಕಡಿ. ಒಂದು ತಟ್ಟೆ ಮೇಲೇರಿದರೆ ಇನ್ನೊಂದು ಕೆಳಗೆ. ಬಸವರಾಜು 1984 ಮತ್ತು 1989ರಲ್ಲಿ ಕಾಂಗ್ರೆಸ್ ಸಂಸದರು. 1991ರಲ್ಲಿ ಮಲ್ಲಿಕಾರ್ಜುನಯ್ಯ ಬಿಜೆಪಿಯಿಂದ. ನಡುವೆ 1996ರಲ್ಲಿ ಜನತಾ ದಳದ ಸಿ.ಎನ್. ಭಾಸ್ಕರಪ್ಪ. 1998ರಲ್ಲಿ ಮತ್ತೆ ಮಲ್ಲಿಕಾರ್ಜುನಯ್ಯ, 1999ರಲ್ಲಿ ಬಸವರಾಜು, 2004ರಲ್ಲಿ ಮಲ್ಲಿಕಾರ್ಜುನಯ್ಯ. ಕೊನೆಗೆ ಬಸವರಾಜು ಬಿಜೆಪಿಗೇ ಬಂದು 2009 ಮತ್ತು 2019ರಲ್ಲಿ ಗೆದ್ದರು. ಮಲ್ಲಿಕಾರ್ಜುನಯ್ಯ ವಿಧಾನ ಪರಿಷತ್ತಿನಲ್ಲಿ ಪಳಗಿ ದಿಲ್ಲಿಗೆ ಹೋದವರು. 1991ರಿಂದ 1996ರವರೆಗೆ ಲೋಕಸಭೆಯ ಉಪಸಭಾಧ್ಯಕ್ಷರಾಗಿದ್ದರು. ಶಿವರಾಜ್ ಪಾಟೀಲರು ಸಭಾಧ್ಯಕ್ಷರಾಗಿದ್ದ ಆ ಲೋಕಸಭೆ ಅಯೋಧ್ಯೆಯ ಬಿರುಗಾಳಿಯನ್ನೂ ಆರ್ಥಿಕ ಉದಾರೀಕರಣವನ್ನೂ ಕಂಡದ್ದು. ಆ ಪೀಠದಲ್ಲಿ ಆಗಾಗ ಕೂರುತ್ತಿದ್ದವರು ತುಮಕೂರಿನ ಒಬ್ಬ ಮೃದುಮಾತಿನ ಮನುಷ್ಯ. 2014ರಲ್ಲಿ ತೀರಿಕೊಂಡರು.

ಬಸವರಾಜು ಅವರ ಹೆಸರು ಉಳಿಯುವುದು ಎರಡು ಕಾರಣಕ್ಕೆ. ನೀರಾವರಿ ತಜ್ಞ ಜಿ.ಎಸ್. ಪರಮಶಿವಯ್ಯನವರ ವರದಿಯನ್ನು ಹಿಡಿದುಕೊಂಡು, ಪಶ್ಚಿಮಕ್ಕೆ ಹರಿಯುವ ನೀರನ್ನು ಬಯಲುಸೀಮೆಗೆ ತಿರುಗಿಸಬೇಕು ಎಂದು ವರ್ಷಗಟ್ಟಲೆ ವಾದಿಸಿದ್ದು ಒಂದು. ಕರಾವಳಿಯವರಿಗೆ ಅದು ಸಿಟ್ಟು ತರಿಸಿದ ವಾದ. ಇನ್ನೊಂದು, 2019ರಲ್ಲಿ ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರನ್ನು 13,339 ಮತಗಳಿಂದ ಸೋಲಿಸಿದ್ದು. ಆ ಚುನಾವಣೆಯ ಪ್ರಚಾರದಲ್ಲಿ ಮುಖ್ಯವಾಗಿ ಕೇಳಿದ ಮಾತು, ಹೇಮಾವತಿಯ ನೀರು ತುಮಕೂರಿಗೆ ಸರಿಯಾಗಿ ಬಾರದಂತೆ ಹಾಸನದವರು ತಡೆದರು ಎಂಬ ಹಳೆಯ ಆರೋಪ. ಮುದ್ದಹನುಮೇಗೌಡರ ಟಿಕೆಟ್ ತಪ್ಪಿದ ಬೇಸರವೂ ಅದಕ್ಕೆ ಸೇರಿಕೊಂಡಿತು. ನೀರಿಗೆ ಎಷ್ಟು ಮತ, ಬೇಸರಕ್ಕೆ ಎಷ್ಟು ಮತ ಎಂದು ಬೇರ್ಪಡಿಸಿ ಎಣಿಸಲು ಬಾರದು. ಆದರೆ ನಾಲೆಯ ವಿಷಯದಲ್ಲಿ ಈ ಜಿಲ್ಲೆಯ ಸ್ಮರಣಶಕ್ತಿ ಎಷ್ಟು ಗಟ್ಟಿ ಎಂಬುದನ್ನು ದಿಲ್ಲಿ ಆಳಿದವರೂ ಅಂದು ಕಂಡರು.

ಇಷ್ಟೆಲ್ಲ ಆದರೂ ಈ ಮಾಜಿಗಳ ಬದುಕಿನ ಬಗ್ಗೆ ಓದಲು ಹೊರಟವರಿಗೆ ಸಿಗುವುದು ಕಡಿಮೆ. ಚುನಾವಣಾ ಆಯೋಗದ ಅಂಕಿ ಸಿಗುತ್ತದೆ: ಹೆಸರು, ಪಕ್ಷ, ಮತ. ವಿಧಾನಸಭೆಯ ಚರ್ಚೆಗಳ ಸಂಪುಟಗಳಲ್ಲಿ ಅವರ ಪ್ರಶ್ನೆಗಳು ಸಿಗುತ್ತವೆ. ತೀರಿಕೊಂಡ ಮೇಲೆ ಅಧಿವೇಶನದ ಮೊದಲ ದಿನ ಸಭಾಧ್ಯಕ್ಷರು ಮಂಡಿಸುವ ಸಂತಾಪ ಸೂಚನೆ ಸಿಗುತ್ತದೆ. ಹುಟ್ಟಿದ ಊರು, ಓದು, ಗೆದ್ದ ವರ್ಷಗಳು, ಒಂದು ನಿಮಿಷದ ಮೌನ. ಎಷ್ಟೋ ಶಾಸಕರ ಅಚ್ಚಾದ ಜೀವನಚರಿತ್ರೆ ಅಷ್ಟೇ, ಅರ್ಧ ಪುಟ. ಶಿವಮೊಗ್ಗದವರು ಈ ವಿಷಯದಲ್ಲಿ ಭಾಗ್ಯವಂತರು. 1952ರಲ್ಲಿ ಗೆದ್ದ ಶಾಂತವೇರಿ ಗೋಪಾಲಗೌಡರ ಬಗ್ಗೆ ಪುಸ್ತಕಗಳಿವೆ, ಸದನದ ಭಾಷಣಗಳ ಸಂಗ್ರಹವಿದೆ, ಅನಂತಮೂರ್ತಿಯವರ 'ಅವಸ್ಥೆ'ಯ ನಾಯಕನಲ್ಲಿ ಅವರ ನೆರಳಿದೆ. ಬ್ರಿಟನ್ನಿನವರು ಸಂಸತ್ತಿನ ಹಳೆಯ ಸದಸ್ಯರ ಬದುಕನ್ನು ಕ್ಷೇತ್ರವಾರು ಬರೆದಿಡುವ ಕೆಲಸಕ್ಕೇ ಒಂದು ಸಂಸ್ಥೆ ಕಟ್ಟಿ, 1964ರಿಂದ ಸಂಪುಟದ ಮೇಲೆ ಸಂಪುಟ ತರುತ್ತಿದ್ದಾರೆ; ಸದನದಲ್ಲಿ ಬಾಯಿಯೇ ಬಿಡದ ಸದಸ್ಯನಿಗೂ ಅಲ್ಲಿ ಜಾಗವಿದೆ. ಚೆನ್ನಿಗರಾಮಯ್ಯನವರಂಥ ಮೊದಲ ಸಂಪುಟದ ಸಚಿವರಿಗೆ, ರಾಮಯ್ಯನವರಂಥ ನೀರಿನ ಹೋರಾಟಗಾರರಿಗೆ ನಮ್ಮಲ್ಲಿ ಅಷ್ಟಾದರೂ ಆಗಬೇಕಿತ್ತು. ಆಗಿಲ್ಲ.

ಬರೆಯದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಲಿಂಕ್ ಕೆನಾಲಿನ ಜಗಳವೇ ಉದಾಹರಣೆ. ಯಾವ ತಾಲ್ಲೂಕಿಗೆ ಎಷ್ಟು ನೀರೆಂದು ಯಾವ ಕಾಲದಲ್ಲಿ ಯಾರು ಒಪ್ಪಿದರು, ಯಾರು ಸದನದಲ್ಲಿ ಎದ್ದು ವಿರೋಧಿಸಿದರು, ಯಾರು ಸುಮ್ಮನಿದ್ದರು ಎಂಬುದನ್ನು ಇಂದು ಎರಡೂ ಕಡೆಯವರು ಬಾಯಿಮಾತಿನ ಮೇಲೆ ವಾದಿಸುತ್ತಿದ್ದಾರೆ. ಒಬ್ಬರಿಗೆ ಭಗೀರಥನಾದವರು ಇನ್ನೊಬ್ಬರಿಗೆ ಕಳ್ಳ. ಹಳೆಯ ಶಾಸಕರ ಪತ್ರ, ಮನವಿ, ಸದನದ ಪ್ರಶ್ನೋತ್ತರ ಒಂದು ಕಡೆ ಸಿಕ್ಕರೆ ಜಗಳ ನಿಲ್ಲುತ್ತದೆ ಎಂದಲ್ಲ, ಕಾಗದ ಮುಂದಿಟ್ಟುಕೊಂಡು ಜಗಳವಾಡಬಹುದು.

ಆ ಕಾಗದ ಇನ್ನೂ ಪೂರ್ತಿ ಕಳೆದುಹೋಗಿಲ್ಲ. ತುಮಕೂರು, ಗುಬ್ಬಿ, ಕುಣಿಗಲ್‌ನ ಅನೇಕ ಮನೆಗಳ ಅಟ್ಟದ ಮೇಲೆ ಟ್ರಂಕುಗಳಿವೆ: ಚುನಾವಣೆಯ ಕರಪತ್ರ, ಮಂತ್ರಿಗಳು ಬರೆದ ಉತ್ತರ, ವಿಧಾನಸೌಧದ ಮೆಟ್ಟಿಲ ಮೇಲೆ ಸಾಲಾಗಿ ನಿಂತು ತೆಗೆಸಿಕೊಂಡ ಫೋಟೊ, ಸೋತ ವರ್ಷದ ಸಾಲದ ಲೆಕ್ಕ. ಮನೆ ಸುಣ್ಣ ಬಳಿಸುವಾಗ ಅವು ಗುಜರಿಯವನ ಗಾಡಿ ಸೇರುತ್ತಿವೆ. ಅಂಥ ಟ್ರಂಕು ಇರುವ ಮನೆಯವರು ಮಾರುವ ಮುನ್ನ ಒಮ್ಮೆ ತುಮಕೂರು ವಿಶ್ವವಿದ್ಯಾಲಯದ ಗ್ರಂಥಾಲಯದವರಿಗೋ ರಾಜ್ಯ ಪತ್ರಾಗಾರ ಇಲಾಖೆಯವರಿಗೋ ತೋರಿಸಲಿ. ಫೋಟೊದ ಹಿಂದೆ ನಿಂತವರ ಹೆಸರನ್ನು, ಗುರುತಿಸಬಲ್ಲ ಹಿರಿಯರು ಇರುವಾಗಲೇ, ಪೆನ್ಸಿಲಿನಲ್ಲಿ ಬರೆದಿಡಲಿ.